ಮಗುವಿನ ಟಾನ್ಸಿಲ್ ಆಪರೇಷನ್: ಆರನೇ ರಾತ್ರಿ ನೀವು ಎಲ್ಲಿರುತ್ತೀರಿ?

ಮೊನ್ನೆ ಮೊಳಕಾಲ್ಮೂರಿನ ತಾಯಿಯೊಬ್ಬರು ಕೇಳಿದರು. ಮಗನಿಗೆ ನಾಲ್ಕೂವರೆ ವರ್ಷ. ಬಾಯಿ ತೆರೆದುಕೊಂಡೇ ಮಲಗುತ್ತಾನೆ, ಅವರ ತಾತನಿಗಿಂತ ಜೋರಾಗಿ ಗೊರಕೆ ಹೊಡೆಯುತ್ತಾನೆ. ಚಿತ್ರದುರ್ಗದಲ್ಲಿ ತೋರಿಸಿದರೆ ಟಾನ್ಸಿಲ್, ಅಡಿನಾಯ್ಡ್ (ಮೂಗಿನ ಹಿಂದೆ, ಗಂಟಲ ಮೇಲ್ಭಾಗದಲ್ಲಿರುವ ಗಡ್ಡೆಯಂಥ ಮಾಂಸ) ಎರಡೂ ತೆಗೆಯೋಣ ಅಂದರು. ದಾವಣಗೆರೆಯಲ್ಲಿ ಸದ್ಯಕ್ಕೆ ಅಡಿನಾಯ್ಡ್ ಸಾಕು ಅಂದರು. ಬೆಂಗಳೂರಿನ ನೆಂಟರು ಮಾತ್ರ, "ಇಲ್ಲಿ ಬನ್ನಿ, ಹೊಸ ಮಷಿನ್ ಇದೆ, ರಕ್ತವೇ ಬರಲ್ಲ" ಅನ್ನುತ್ತಿದ್ದಾರಂತೆ. "ಅಕ್ಕಾ, ನನಗೆ ರಕ್ತದ್ದೇ ಭಯ. ಯಾವುದು ಮಾಡಿಸಲಿ?"

ಆ ಭಯ ನನಗೆ ಗೊತ್ತು. ನನ್ನ ಮಗಳಿಗೆ ಆರು ವರ್ಷವಿದ್ದಾಗ ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ಎರಡೂ ತೆಗೆಸಿದೆವು. ಆಪರೇಷನ್ ಚೆನ್ನಾಗೇ ಆಯಿತು. ನಾಲ್ಕನೇ ದಿನ ಅಜ್ಜಿ ನೋಡಬೇಕು ಅಂದಳು ಅಂತ ಜಗಳೂರಿನಾಚೆಯ ನಮ್ಮ ಹಳ್ಳಿಗೆ ಕರೆದುಕೊಂಡು ಹೋದೆವು. ಆರನೇ ರಾತ್ರಿ ನಿದ್ದೆಯಲ್ಲೇ ಏನೋ ನುಂಗುತ್ತಿದ್ದಾಳೆ ಅನಿಸಿತು. ನಾನು ಕನಸು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಎದ್ದು ವಾಂತಿ ಮಾಡಿದಳು, ದಿಂಬಿನ ಮೇಲೆಲ್ಲ ಕಾಫಿ ಗಸಿಯಂಥ ಕಪ್ಪು ರಕ್ತ. ಅಲ್ಲಿಂದ ದಾವಣಗೆರೆ ಮುಟ್ಟುವಷ್ಟರಲ್ಲಿ ಬೆಳಗಿನ ಜಾವ. ಪುಣ್ಯಕ್ಕೆ ರಕ್ತ ತಾನಾಗಿ ನಿಂತಿತ್ತು, ಮತ್ತೆ ಓ.ಟಿ.ಗೆ, ಅಂದರೆ ಆಪರೇಷನ್ ಕೋಣೆಗೆ, ಒಯ್ಯಬೇಕಾಗಲಿಲ್ಲ. ಡಿಸ್ಚಾರ್ಜ್ ಚೀಟಿ ತೆಗೆದು ನೋಡಿದೆ. "ತಣ್ಣಗಿನ ಮೆತ್ತಗಿನ ಆಹಾರ" ಅಂತ ಒಂದೇ ಸಾಲು. ಆರನೇ ದಿನದ ಮಾತನ್ನು ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ ಅನ್ನಿ.

ನಾನು ಡಾಕ್ಟರಲ್ಲ. ಆ ರಾತ್ರಿ ಆದಮೇಲೆ ಓದಿ, ಕೇಳಿ, ಸುತ್ತಮುತ್ತಲ ಹತ್ತಾರು ಮನೆಯವರ ಜೊತೆ ಮಾತಾಡಿ ತಿಳಿದದ್ದನ್ನು ಇಲ್ಲಿ ಇಡುತ್ತಿದ್ದೇನೆ. ನಿಮ್ಮ ಮಗುವಿಗೆ ಏನು ಅನ್ನೋದನ್ನು ನಿಮ್ಮ ಇ.ಎನ್.ಟಿ. ಡಾಕ್ಟರ ಜೊತೆ ಕೂತೇ ತೀರ್ಮಾನಿಸಬೇಕು.

ಮೊದಲು ಅಳತೆಗೋಲು

ಮಷಿನ್ ಯಾವುದು ಅಂತ ಕೇಳುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಆಪರೇಷನ್ ಯಾಕೆ, ಉಸಿರಾಟದ ತೊಂದರೆಗಾ ಅಥವಾ ಪದೇ ಪದೇ ಬರುವ ಗಂಟಲು ನೋವು ಜ್ವರಕ್ಕಾ, ಅಂತ ಬರೆಯಿರಿ. ಇವೆರಡರ ದಾರಿಯೇ ಬೇರೆ. ಆಮೇಲೆ ಮಗುವಿನ ವಯಸ್ಸು, ತೂಕ. ಮನೆತನದಲ್ಲಿ ಯಾರಿಗಾದರೂ ರಕ್ತ ಬೇಗ ನಿಲ್ಲದ ತೊಂದರೆ ಇದೆಯಾ. ನಿಮ್ಮ ಮನೆಯಿಂದ, ನಡುರಾತ್ರಿಯಲ್ಲೂ ಮಕ್ಕಳಿಗೆ ಅನಸ್ತೇಶಿಯಾ ಕೊಟ್ಟು ಗಂಟಲು ಹೊಲಿಯಬಲ್ಲ ಆಸ್ಪತ್ರೆ ಎಷ್ಟು ದೂರ. ಎರಡು ವಾರ ಮಗುವಿನ ಪಕ್ಕದಲ್ಲಿ ಮಲಗುವವರು ಯಾರು. ಕೊನೆಗೆ ದುಡ್ಡು.

ದುಡ್ಡನ್ನು ಬೇಕೆಂದೇ ಕೊನೆಗೆ ಇಟ್ಟೆ. ಅದು ಮುಖ್ಯ ಅಲ್ಲ ಅಂತಲ್ಲ. ಮೇಲಿನವು ಬರೆದಾದ ಮೇಲೆ, ಎಲ್ಲಿ ಖರ್ಚು ಮಾಡಬೇಕು ಎಲ್ಲಿ ಬೇಡ ಅನ್ನೋದು ತಾನಾಗಿ ಕಾಣುತ್ತದೆ.

ರಕ್ತ ಯಾವಾಗ ಬರುತ್ತದೆ, ಎಷ್ಟು ಜನಕ್ಕೆ

ಟಾನ್ಸಿಲ್ ತೆಗೆದ ಜಾಗವನ್ನು ಚರ್ಮದಂತೆ ಹೊಲಿದು ಮುಚ್ಚುವುದಿಲ್ಲ. ಗಂಟಲಿನ ಎರಡೂ ಕಡೆ ಹಸಿ ಗಾಯ ಹಾಗೇ ಇರುತ್ತದೆ. ಅದರ ಮೇಲೆ ಬೆಳ್ಳಗೆ ಪೊರೆ ಕಟ್ಟುತ್ತದೆ. ಅದು ಕೀವಲ್ಲ, ಬಾಯಿ ವಾಸನೆ ಬಂದರೂ ಗಾಬರಿ ಬೇಡ. ಮಂಡಿ ತರಚಿದಾಗ ಹಕ್ಕಳೆ ಕಟ್ಟುತ್ತದಲ್ಲ, ಹಾಗೇ ಇದು. ಆ ಹಕ್ಕಳೆ ಉದುರುವಾಗ ಕೆಳಗಿನ ರಕ್ತನಾಳ ತೆರೆದುಕೊಂಡರೆ ರಕ್ತ ಬರುತ್ತದೆ. ಹೆಚ್ಚಾಗಿ ಐದರಿಂದ ಹತ್ತನೇ ದಿನದ ಒಳಗೆ.

ಇದರ ಜೊತೆ ಮೊದಲ 24 ಗಂಟೆಯೊಳಗೆ ಬರುವ ರಕ್ತ ಒಂದಿದೆ. ಅದು ಬಹುಪಾಲು ಆಸ್ಪತ್ರೆಯಲ್ಲಿರುವಾಗಲೇ, ಮೊದಲ ಕೆಲವು ಗಂಟೆಗಳಲ್ಲೇ ಕಾಣಿಸಿಕೊಳ್ಳುತ್ತದೆ. ನರ್ಸು, ಡಾಕ್ಟರು ಕೈಗೆಟುಕುವಷ್ಟರಲ್ಲೇ ಇರುತ್ತಾರೆ. ಹಕ್ಕಳೆ ಉದುರಿ ರಕ್ತ ಬರುವ ಹೊತ್ತಿಗೆ ನೀವು ಮನೆಯಲ್ಲಿರುತ್ತೀರಿ. ನನ್ನ ಮಟ್ಟಿಗೆ ಎಲ್ಲ ಹೋಲಿಕೆಯೂ ಈ ಒಂದು ಮಾತಿನ ಸುತ್ತಲೇ ತಿರುಗುತ್ತದೆ.

ಅಂಕಿ ಬೇಕು ಅನ್ನುವವರಿಗೆ: ಇಂಗ್ಲೆಂಡ್ ಮತ್ತು ಉತ್ತರ ಐರ್ಲೆಂಡ್‌ನಲ್ಲಿ 2003-04ರಲ್ಲಿ ಸುಮಾರು 34 ಸಾವಿರ ಟಾನ್ಸಿಲ್ ಆಪರೇಷನ್‌ಗಳ ಲೆಕ್ಕ ಇಟ್ಟರು. ದೊಡ್ಡವರು ಚಿಕ್ಕವರು ಎಲ್ಲ ಸೇರಿ ನೂರಕ್ಕೆ 3.5 ಜನಕ್ಕೆ ರಕ್ತಸ್ರಾವ ಆಯಿತು. ಮತ್ತೆ ಓ.ಟಿ.ಗೆ ಹೋಗಬೇಕಾದವರು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಎರಡರ ಆಸುಪಾಸು, 5ರಿಂದ 15 ವರ್ಷದವರಲ್ಲಿ ಮೂರರಷ್ಟು. ಅಂದರೆ ಪುಟ್ಟ ಮಕ್ಕಳಿಗೆ ರಕ್ತ ಬರುವ ಸಾಧ್ಯತೆ ಕಡಿಮೆಯೇ. ಆದರೆ ಅವರ ಮೈಯಲ್ಲಿ ಇರುವ ರಕ್ತವೇ ಕಡಿಮೆ ಅಲ್ವಾ? ಕಿಲೋಗೆ ಸುಮಾರು 75 ಮಿಲಿ ಲೆಕ್ಕ ಹಿಡಿದರೆ 15 ಕಿಲೋ ಮಗುವಿನಲ್ಲಿ ಒಂದು ಲೀಟರಿಗಿಂತ ಚೂರು ಜಾಸ್ತಿ. ಹೋಟೆಲಿನ ಒಂದು ಸಣ್ಣ ಟೀ ಲೋಟದಷ್ಟು ಹೋದರೆ ಅದರ ಹತ್ತರಲ್ಲಿ ಒಂದು ಪಾಲು ಹೋದಂತೆ. ಅದೂ ಮಕ್ಕಳು ಉಗುಳುವುದಿಲ್ಲ, ನುಂಗುತ್ತಾರೆ. ಎಷ್ಟು ಹೋಯಿತು ಅಂತ ಕಣ್ಣಿಗೆ ಕಾಣುವುದೇ ಇಲ್ಲ.

ಏನು ತೆಗೆಸಬೇಕು

ಕಾಯುವುದೂ ಒಂದು ಆಯ್ಕೆ. ಆಪರೇಷನ್ ಇಲ್ಲ ಅಂದರೆ ಆ ರಕ್ತದ ಭಯವೂ ಇಲ್ಲ. ಗಂಟಲು ನೋವು ಜ್ವರದ ಮಕ್ಕಳಿಗೆ ಡಾಕ್ಟರುಗಳು ಸಾಮಾನ್ಯವಾಗಿ ಒಂದು ಲೆಕ್ಕ ನೋಡುತ್ತಾರೆ. ಒಂದೇ ವರ್ಷದಲ್ಲಿ ಏಳು ಸಲ, ಅಥವಾ ಎರಡು ವರ್ಷ ವರ್ಷಕ್ಕೆ ಐದೈದು ಸಲ, ಅಥವಾ ಮೂರು ವರ್ಷ ವರ್ಷಕ್ಕೆ ಮೂರು ಮೂರು ಸಲ ಜೋರಾಗಿ ಬಂದಿರಬೇಕು. ನಿಮ್ಮ ಮಗುವಿಗೆ ವರ್ಷಕ್ಕೆ ಮೂರು ಸಲ ಬಂದು, ಇದು ಮೊದಲ ವರ್ಷವೇ ಆಗಿದ್ದರೆ ಕಾಯಬಹುದು. ಬಹಳ ಮಕ್ಕಳಿಗೆ ವಯಸ್ಸಾಗುತ್ತಾ ತಾನೇ ಕಡಿಮೆಯಾಗುತ್ತದೆ. ಪ್ರತಿ ಸಲದ ತಾರೀಖು ಕ್ಯಾಲೆಂಡರಿನ ಮೇಲೆ ಬರೆದಿಡಿ. "ಯಾವಾಗಲೂ ಬರುತ್ತೆ ಸಾರ್" ಅಂದರೆ ಡಾಕ್ಟರಿಗೂ ಏನೂ ತಿಳಿಯುವುದಿಲ್ಲ.

ಉಸಿರಾಟದ ತೊಂದರೆ ಇದ್ದರೆ ಕಾಯುವ ಲೆಕ್ಕ ಬೇರೆ. 2013ರಲ್ಲಿ ಅಮೆರಿಕದಿಂದ ಬಂದ ಅಧ್ಯಯನವೊಂದರಲ್ಲಿ 5ರಿಂದ 9 ವರ್ಷದ 464 ಮಕ್ಕಳಿದ್ದರು. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಎಲ್ಲರಿಗೂ ಇತ್ತು. ಏಳು ತಿಂಗಳಾದ ಮೇಲೆ ನಿದ್ದೆ ಪರೀಕ್ಷೆ ಸರಿ ಬಂದದ್ದು ಆಪರೇಷನ್ ಆದವರಲ್ಲಿ ನೂರಕ್ಕೆ 79 ಮಕ್ಕಳಿಗೆ, ಸುಮ್ನೆ ಕಾದವರಲ್ಲಿ 46 ಮಕ್ಕಳಿಗೆ. ಇದನ್ನು ಎರಡೂ ಕಡೆಯಿಂದ ಓದಬಹುದು. ಆಪರೇಷನ್ ಒಳ್ಳೆಯದು, ನಿಜ. ಹಾಗೇ, ತೊಂದರೆ ಹದವಾಗಿದ್ದರೆ ಕಾದವರಲ್ಲೂ ಅರ್ಧಕ್ಕೆ ಹತ್ತಿರ ಮಕ್ಕಳು ಸರಿಹೋದರು. ಉಸಿರು ನಿಂತು ನಿಂತು ಬೆಚ್ಚಿ ಏಳುವ, ತೂಕ ಏರದ ಮಗುವಿಗೆ ಮಾತ್ರ ಈ ಸಮಾಧಾನ ಹೇಳಲು ಬರುವುದಿಲ್ಲ.

ಬರೀ ಅಡಿನಾಯ್ಡ್ ತೆಗೆದರೆ ರಕ್ತದ ಅಪಾಯ ಬಹಳ ಕಡಿಮೆ, ನೂರಕ್ಕೆ ಒಂದಕ್ಕಿಂತಲೂ ಕೆಳಗೆ. ಬಂದರೂ ಹೆಚ್ಚಾಗಿ ಮೊದಲ ದಿನವೇ, ಮೂಗಿನಿಂದ ಅಥವಾ ಗಂಟಲ ಹಿಂದಿನಿಂದ. ನೋವೂ ಕಡಿಮೆ, ಮಗು ಎರಡು ಮೂರು ದಿನಕ್ಕೆ ಆಟಕ್ಕೆ ಇಳಿಯುತ್ತದೆ. ಮೂಗು ಕಟ್ಟಿ ಬಾಯಲ್ಲಿ ಉಸಿರಾಡುವ, ಕಿವಿಯಲ್ಲಿ ನೀರು ತುಂಬಿ ಸರಿಯಾಗಿ ಕೇಳದ ಮಗುವಿನ ಟಾನ್ಸಿಲ್ ಸಣ್ಣದಿದ್ದರೆ ಇದೇ ಸಾಕಾಗಬಹುದು. ಆದರೆ ಟಾನ್ಸಿಲ್ಲೇ ಗಂಟಲು ತುಂಬಿಕೊಂಡಿದ್ದರೆ, ಬರೀ ಅಡಿನಾಯ್ಡ್ ತೆಗೆಸಿ ಆರು ತಿಂಗಳಿಗೆ ಮತ್ತೆ ಓ.ಟಿ. ಬಾಗಿಲಿಗೆ ಹೋಗಬೇಕಾಗುತ್ತದೆ. ಎರಡು ಸಲ ಅನಸ್ತೇಶಿಯಾ, ಎರಡು ಸಲ ಖರ್ಚು. ರಕ್ತದ ಹೆದರಿಕೆಯೊಂದಕ್ಕೇ ಅಡಿನಾಯ್ಡ್ ಮಾತ್ರ ಸಾಕು ಅನ್ನುವುದು ನನಗೆ ಸರಿ ಕಾಣುವುದಿಲ್ಲ.

ಈ ಎರಡರ ನಡುವೆ ಇನ್ನೊಂದು ದಾರಿ ಇದೆ, ನಮ್ಮ ಕಡೆ ಅದರ ಮಾತೇ ಕಡಿಮೆ. ಟಾನ್ಸಿಲ್ಲನ್ನು ಬುಡಸಮೇತ ಕೀಳದೆ, ಹೊರಗಿನ ಕವಚ ಹಾಗೇ ಬಿಟ್ಟು ಒಳಗಿನ ತಿರುಳು ತೆಗೆಯುವುದು. ಇಂಟ್ರಾಕ್ಯಾಪ್ಸುಲರ್ ಅನ್ನುತ್ತಾರೆ. ದೊಡ್ಡ ರಕ್ತನಾಳಗಳಿರುವ ಮಾಂಸ ತೆರೆದುಕೊಳ್ಳುವುದಿಲ್ಲವಾದ್ದರಿಂದ ನೋವೂ ಕಡಿಮೆ, ರಕ್ತಸ್ರಾವವೂ ಕಡಿಮೆ. ಬದಲಿಗೆ, ಉಳಿದದ್ದು ಮತ್ತೆ ಬೆಳೆದು ಕೆಲವು ಮಕ್ಕಳಿಗೆ ಎರಡನೇ ಸಲ ಬೇಕಾಗಬಹುದು, ಅದರಲ್ಲೂ ತೀರ ಚಿಕ್ಕವರಿಗೆ. ಗೊರಕೆ, ಉಸಿರಾಟಕ್ಕಾಗಿ ಮಾಡಿಸುವವರು ಇದನ್ನು ಕೇಳಲೇಬೇಕು. ಎಲ್ಲ ಕಡೆ ಮಾಡುವುದಿಲ್ಲ. ಮಾಡುತ್ತೇವೆ ಅಂದರೆ "ವರ್ಷಕ್ಕೆ ಎಷ್ಟು ಮಾಡುತ್ತೀರಿ" ಅಂತ ಮುಜುಗರ ಬಿಟ್ಟು ಕೇಳಿ.

ಕತ್ತರಿಯೋ, ಕಾಟರಿಯೋ, ಕೋಬ್ಲೇಷನ್ನೋ

ಹಳೇ ವಿಧಾನದಲ್ಲಿ ಉಪಕರಣಗಳಿಂದ ಬಿಡಿಸಿ ತೆಗೆದು, ರಕ್ತನಾಳವನ್ನು ದಾರದಿಂದ ಕಟ್ಟುತ್ತಾರೆ. ಕಾಟರಿಯಲ್ಲಿ ಕರೆಂಟಿನ ಬಿಸಿಯಿಂದ ಸುಡುತ್ತಾ ತೆಗೆಯುತ್ತಾರೆ. ಕೋಬ್ಲೇಷನ್‌ನಲ್ಲಿ ಉಪ್ಪುನೀರು ಹರಿಸುತ್ತಾ, ಕಾಟರಿಗಿಂತ ಕಡಿಮೆ ಬಿಸಿಯಲ್ಲಿ ಕರಗಿಸುತ್ತಾರೆ. ಅದರ ಕಡ್ಡಿಗೇ, ವಾಂಡ್ ಅಂತಾರಲ್ಲ ಅದಕ್ಕೇ, ಸಾವಿರಾರು ರೂಪಾಯಿ ಬೇರೆ ಬಿಲ್ ಬರುತ್ತದೆ.

"ಮಷಿನ್‌ನಲ್ಲಿ ರಕ್ತವೇ ಬರಲ್ಲ" ಅನ್ನೋದು ಅರ್ಧ ನಿಜ. ಟೇಬಲ್ ಮೇಲೆ ಹೋಗುವ ರಕ್ತ ಬಿಸಿ ವಿಧಾನಗಳಲ್ಲಿ ಕಡಿಮೆ. ಒಂದು ವಾರ ಕಳೆದ ಮೇಲಿನ ರಕ್ತದ ಕಥೆ ಹಾಗಿಲ್ಲ. ಆ ಇಂಗ್ಲೆಂಡಿನ ಲೆಕ್ಕದಲ್ಲಿ ಬಿಸಿ ಇಲ್ಲದೆ ಬರೀ ದಾರ ಕಟ್ಟಿ ಮಾಡಿದವರಲ್ಲಿ ರಕ್ತಸ್ರಾವ ನೂರಕ್ಕೆ ಎರಡಕ್ಕಿಂತ ಕಡಿಮೆ ಇತ್ತು. ಕೋಬ್ಲೇಷನ್‌ನಲ್ಲಿ ನಾಲ್ಕೂವರೆಯ ಆಸುಪಾಸು, ಒಂದು ಬಗೆಯ ಕಾಟರಿಯಲ್ಲಿ ಆರರ ಹತ್ತಿರ. ಆಗ ಕೋಬ್ಲೇಷನ್ ಹೊಸದು, ಕೈ ಪಳಗಿರಲಿಲ್ಲ ಅನ್ನೋದೂ ನಿಜ. ಹಾಗಾಗಿ ಆ ಅಂಕಿ ಹಿಡಿದು ಇವತ್ತಿನ ಡಾಕ್ಟರ ಜೊತೆ ಜಗಳಕ್ಕೆ ಹೋಗಬೇಡಿ. ನಿಮ್ಮ ಡಾಕ್ಟರ ಕೈಗೆ ಯಾವುದು ಪಳಗಿದೆಯೋ ಅದನ್ನೇ ಮಾಡಲಿ. ವಾಂಡಿನ ದುಡ್ಡಿಗೆ ಸಾಲ ಮಾಡುವ ಪರಿಸ್ಥಿತಿ ಇದ್ದರೆ, ಹಳೇ ವಿಧಾನಕ್ಕೆ ಒಪ್ಪಿ ಆ ದುಡ್ಡನ್ನು ಬೇರೆ ಕಡೆ ಹಾಕಿ. ಎಲ್ಲಿ ಅಂತ ಮುಂದೆ ಹೇಳುತ್ತೇನೆ.

ರಕ್ತ ಹೆಪ್ಪುಗಟ್ಟದ ಮನೆತನ

ಆಪರೇಷನ್‌ಗೆ ಮೊದಲು ಬಿ.ಟಿ., ಸಿ.ಟಿ. ಅಂತ, ರಕ್ತ ನಿಲ್ಲಲು, ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನೋಡುವ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಅದು ಸರಿ ಬಂತು ಅಂತ ನಿರಾಳವಾಗುವುದು ಸಾಲದು. ವಾನ್ ವಿಲ್ಲಿಬ್ರಾಂಡ್‌ನಂಥ, ರಕ್ತ ಸರಿಯಾಗಿ ಹೆಪ್ಪುಗಟ್ಟದ ಕೆಲವು ವಂಶದ ತೊಂದರೆಗಳು ಅದರಲ್ಲಿ ತಪ್ಪಿಸಿಕೊಳ್ಳಬಹುದು. ಅದಕ್ಕಿಂತ ಮನೆಯ ಕಥೆ ಕೆಲಸಕ್ಕೆ ಬರುತ್ತದೆ. ಮಗುವಿಗೆ ಸುಮ್ನೆ ಸುಮ್ನೆ ಮೈಮೇಲೆ ನೀಲಿ ಕಲೆ ಆಗುತ್ತದಾ? ಮೂಗಿನ ರಕ್ತ ಹತ್ತು ನಿಮಿಷ ಒತ್ತಿ ಹಿಡಿದರೂ ನಿಲ್ಲುವುದಿಲ್ಲವಾ? ಹಲ್ಲು ಕೀಳಿಸಿದಾಗ ದಿನವಿಡೀ ಸೋರಿತ್ತಾ? ತಾಯಿಗೆ ಮುಟ್ಟಿನಲ್ಲಿ ವಿಪರೀತ ಸ್ರಾವ ಇದೆಯಾ? ಸೋದರಮಾವನಿಗೆ ಕೀಲುಗಳಲ್ಲಿ ರಕ್ತ ತುಂಬಿ ಊದುತ್ತಿತ್ತಾ? ಇವನ್ನೆಲ್ಲ ಕೇಳದಿದ್ದರೂ ನೀವಾಗಿಯೇ ಹೇಳಿ. ಹೌದು ಅಂದಿದ್ದು ಒಂದಾದರೂ ಇದ್ದರೆ ತಾರೀಖು ಮುಂದಕ್ಕೆ ಹಾಕಿ, ಸರಿಯಾದ ಪರೀಕ್ಷೆ ಮಾಡಿಸಿ. ಹಿಮೋಫಿಲಿಯಾ, ಅಂದರೆ ವಂಶದಿಂದ ಬರುವ ರಕ್ತ ನಿಲ್ಲದ ಕಾಯಿಲೆ, ಇರುವವರಿಗೆ ದಾರಿ ತೋರಿಸುವ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ನಮ್ಮ ದಾವಣಗೆರೆಯಲ್ಲೇ ಇದೆ. ಅದಕ್ಕೆ ಬೆಂಗಳೂರಿಗೆ ಓಡಬೇಕಿಲ್ಲ.

ಮಳೆಗಾಲ ಮುಗಿದ ಮೇಲೆ ಡೆಂಗಿ ಬಂದಿದ್ದರೆ ಪ್ಲೇಟ್‌ಲೆಟ್ ಪೂರ್ತಿ ಏರಿದ ಮೇಲೇ ಆಪರೇಷನ್ ಮಾತು. ಮಗುವಿಗೆ ಕೊಟ್ಟ ನಾಟಿ ಔಷಧಿ, ಆಸ್ಪಿರಿನ್ ಎಲ್ಲವನ್ನೂ ಬಚ್ಚಿಡದೆ ಹೇಳಿ.

ಎಲ್ಲಿ ಮಾಡಿಸಬೇಕು

ಇಲ್ಲಿ ಸ್ವಲ್ಪ ನಿಧಾನಿಸೋಣ. ತಾಲ್ಲೂಕಿನ ನರ್ಸಿಂಗ್ ಹೋಂನಲ್ಲೂ ವಾರಕ್ಕೊಂದು ದಿನ ಹೊರಗಿನಿಂದ ಇ.ಎನ್.ಟಿ. ಡಾಕ್ಟರು ಬಂದು ಮಾಡಿ ಹೋಗುವುದುಂಟು. ಖರ್ಚು ಕಡಿಮೆ, ಮನೆಯೂ ಹತ್ತಿರ. ಆದರೆ ಏಳನೇ ರಾತ್ರಿ ರಕ್ತ ಬಂದರೆ ಡಾಕ್ಟರು ಎಲ್ಲಿ? ಅನಸ್ತೇಶಿಯಾದವರು ಎಲ್ಲಿ? ಬ್ಲಡ್ ಬ್ಯಾಂಕ್ ಎಲ್ಲಿ? ಈ ಮೂರಕ್ಕೂ ಉತ್ತರ ಇಲ್ಲದಿದ್ದರೆ ಮನೆ ಹತ್ತಿರ ಇದ್ದು ಪ್ರಯೋಜನವಿಲ್ಲ.

ಬೆಂಗಳೂರಿನಲ್ಲಿ ಎಲ್ಲ ಇದೆ. ಚಿತ್ರದುರ್ಗದಿಂದ 200, ದಾವಣಗೆರೆಯಿಂದ 260 ಕಿಲೋಮೀಟರ್. ಆಪರೇಷನ್ ಮುಗಿಸಿ ಮೂರನೇ ದಿನ ಕಾರಿನಲ್ಲಿ ಊರಿಗೆ ಬಂದುಬಿಟ್ಟರೆ, ಆ ದೊಡ್ಡ ಆಸ್ಪತ್ರೆ ಆರನೇ ರಾತ್ರಿ ನಿಮಗೆ ಇದ್ದೂ ಇಲ್ಲದಂತೆ. ಇಲ್ಲಿನ ಡಾಕ್ಟರು ಬೇರೆಯವರು ಮಾಡಿದ ಗಾಯವನ್ನು ಮೊದಲ ಸಲ ನೋಡುತ್ತಾರೆ. ಎರಡು ವಾರ ಅಲ್ಲೇ ಇರಲು ನೆಂಟರ ಮನೆ ಇದ್ದರೆ, ಅಥವಾ ಮಗುವಿಗೆ ಹೃದಯದ ತೊಂದರೆಯಂಥ ಬೇರೆ ಕಾರಣ ಇದ್ದರೆ ಮಾತ್ರ ಬೆಂಗಳೂರು ಅನ್ನುತ್ತೇನೆ.

ಉಳಿದವರಿಗೆ ದಾವಣಗೆರೆ, ಚಿತ್ರದುರ್ಗವೇ ಸಾಕು. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಬಾಪೂಜಿ, ಎಸ್.ಎಸ್. ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇವೆ. ಚಿತ್ರದುರ್ಗದಲ್ಲಿ ಜಿಲ್ಲಾ ಆಸ್ಪತ್ರೆ, ಬಸವೇಶ್ವರ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇವೆ. ಖಾಸಗಿಯವರೂ ಇದ್ದಾರೆ. ಹೆಸರು ನೋಡಿ ಆರಿಸಬೇಡಿ. ರಾತ್ರಿ ಎರಡು ಗಂಟೆಗೆ ಬಂದರೆ ಯಾರು ನೋಡುತ್ತಾರೆ, ಯಾವ ನಂಬರಿಗೆ ಫೋನ್ ಮಾಡಬೇಕು, ಮಕ್ಕಳ ಐ.ಸಿ.ಯು. ಇದೆಯಾ ಅಂತ ಕೇಳಿ. ಕಾಲೇಜು ಆಸ್ಪತ್ರೆಗಳಲ್ಲಿ ಕಾಯುವುದು ಜಾಸ್ತಿ, ಆದರೆ ರಾತ್ರಿ ಡ್ಯೂಟಿ ಡಾಕ್ಟರು ಇರುತ್ತಾರೆ. ಬಿ.ಪಿ.ಎಲ್. ಕಾರ್ಡಿನವರು ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಿ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಆಗುತ್ತದಾ ಅಂತ ಅಲ್ಲಿನ ಕೌಂಟರಿನಲ್ಲೇ ವಿಚಾರಿಸಿ.

ಅದೇ ದಿನ ಮನೆಗೋ, ಒಂದು ರಾತ್ರಿ ಇರಬೇಕೋ? ಮೂರು ವರ್ಷದೊಳಗಿನ ಮಗು, ಉಸಿರು ಕಟ್ಟುವ ತೊಂದರೆ ಜೋರಾಗಿರುವ ಮಗು ಆ ರಾತ್ರಿ ಆಸ್ಪತ್ರೆಯಲ್ಲೇ ಇರಬೇಕು. ಮನೆ ದೂರವಿದ್ದರೂ ಅಷ್ಟೇ. ಊರಲ್ಲೇ ಇರುವ, ಬರೀ ಅಡಿನಾಯ್ಡ್ ತೆಗೆಸಿದ ದೊಡ್ಡ ಮಗುವಾದರೆ ಡಾಕ್ಟರು ಸಂಜೆ ಕಳಿಸುತ್ತೇನೆ ಅಂದಾಗ ಒಪ್ಪಬಹುದು.

ವಾಂಡಿನ ದುಡ್ಡು ಬೇರೆ ಕಡೆ ಹಾಕಿ ಅಂದೆನಲ್ಲ, ಅದು ಇಲ್ಲಿ. ಹಳ್ಳಿಯವರು ಆಸ್ಪತ್ರೆ ಇರುವ ಊರಲ್ಲೇ ಹತ್ತು ಹನ್ನೆರಡು ದಿನ ಉಳಿಯಲು ಖರ್ಚು ಮಾಡಿ. ಅತ್ತೆ ಮನೆಯೋ, ಬಾಡಿಗೆ ರೂಮೋ, ಏನಾದರೂ ಸರಿ.

ತಾರೀಖು ಮತ್ತು ಆ ಹದಿನಾಲ್ಕು ದಿನ

ಎಲ್ಲರೂ ಬೇಸಿಗೆ ರಜೆಗೆ ಮಾಡಿಸುತ್ತಾರೆ. ಶಾಲೆ ತಪ್ಪುವುದಿಲ್ಲ, ಸರಿ. ಆದರೆ ಏಪ್ರಿಲ್ ಮೇ ಬಿಸಿಲಿನಲ್ಲಿ ನೀರು ಕುಡಿಯದ ಮಗು ಬೇಗ ಸೊರಗುತ್ತದೆ, ಗಂಟಲು ಒಣಗಿ ನೋವು ಹೆಚ್ಚುತ್ತದೆ. ದಸರಾ ರಜೆ ಸಿಕ್ಕರೆ ಅದು ನನಗೆ ಇಷ್ಟ. ತಾರೀಖು ಗೊತ್ತು ಮಾಡುವಾಗ ಐದರಿಂದ ಹತ್ತನೇ ದಿನ ಯಾವತ್ತು ಬೀಳುತ್ತದೆ ನೋಡಿ. ಅವತ್ತು ದುಗ್ಗಮ್ಮನ ಜಾತ್ರೆಯೋ, ನಾಯಕನಹಟ್ಟಿ ತೇರೋ, ಮನೆ ಮದುವೆಯೋ ಇರಬಾರದು. ಮಗು ಓಡಾಡುತ್ತದೆ, ಯಾರೋ ಮಿರ್ಚಿ ಕೊಡುತ್ತಾರೆ, ರಸ್ತೆಯೂ ಕಟ್ಟಿರುತ್ತದೆ.

ಗಂಜಿ, ಮೊಸರನ್ನ, ಆರಿದ ರಾಗಿ ಅಂಬಲಿ, ಹಾಲಲ್ಲಿ ನೆನೆಸಿದ ಇಡ್ಲಿ, ಐಸ್‌ಕ್ರೀಮ್ ಎಲ್ಲ ಆಗುತ್ತದೆ. ಗರಿಗರಿ ದೋಸೆ, ಮಂಡಕ್ಕಿ, ಚಕ್ಕುಲಿ ಎರಡು ವಾರ ಬೇಡ. ಕೆಂಪು ಶರಬತ್ತು, ದಾಳಿಂಬೆ ರಸವೂ ಬೇಡ, ವಾಂತಿಯಾದರೆ ರಕ್ತವೋ ರಸವೋ ಅಂತ ನಿಮಗೇ ತಿಳಿಯುವುದಿಲ್ಲ. ನೋವಿನ ಔಷಧಿಯನ್ನು ಡಾಕ್ಟರು ತೂಕ ನೋಡಿ ಬರೆದಷ್ಟೇ, ಹೊತ್ತಿಗೆ ಸರಿಯಾಗಿ ಕೊಡಿ. ನೋವು ಕಡಿಮೆ ಇದ್ದರೆ ಮಗು ಕುಡಿಯುತ್ತದೆ. ಮನೆಯಲ್ಲಿರುವ ಹಳೇ ಕೆಮ್ಮಿನ ಸಿರಪ್ ಮುಟ್ಟಬೇಡಿ. ಕೊಡೀನ್ ಇರುವ ಔಷಧಿಯಿಂದ ಈ ಆಪರೇಷನ್ ಆದ ಮಕ್ಕಳ ಉಸಿರೇ ನಿಂತ ಉದಾಹರಣೆಗಳಿವೆ, 12 ವರ್ಷದೊಳಗಿನ ಯಾರಿಗೂ, ಈ ಆಪರೇಷನ್ ಆದವರಲ್ಲಿ 18 ವರ್ಷದೊಳಗಿನವರಿಗೂ ಅದು ಕೂಡದು.

ರಾತ್ರಿ ನಿದ್ದೆಯಲ್ಲಿ ಮತ್ತೆ ಮತ್ತೆ ನುಂಗುವುದು, ಕೆಂಪು ಉಗುಳು, ಕಪ್ಪು ವಾಂತಿ, ಮುಖ ಬಿಳಚುವುದು. ಇವುಗಳಲ್ಲಿ ಒಂದು ಕಂಡರೂ ಮಗುವನ್ನು ಕೂರಿಸಿ, ಮುಂದಕ್ಕೆ ಬಾಗಿಸಿ ಉಗುಳಿಸಿ. ಮಲಗಿಸಬೇಡಿ, ತಿನ್ನಲು ಕುಡಿಯಲು ಏನೂ ಕೊಡಬೇಡಿ. 108ಕ್ಕೆ ಫೋನ್ ಮಾಡಿ ಅಥವಾ ಸಿಕ್ಕ ಗಾಡಿ ಹತ್ತಿ. ಅಷ್ಟರಲ್ಲಿ ನಿಂತುಹೋದರೂ ಹೋಗಲೇಬೇಕು. ಸಣ್ಣದಾಗಿ ಬಂದು ನಿಂತು, ಕೆಲವು ಗಂಟೆ ಬಿಟ್ಟು ಜೋರಾಗಿ ಬರುವುದುಂಟು.

ಹಾಗಾದರೆ ಯಾರಿಗೆ ಯಾವುದು

ದಾವಣಗೆರೆ ಪೇಟೆಯಲ್ಲೇ ಮನೆ, ಜ್ವರಕ್ಕಾಗಿ ಟಾನ್ಸಿಲ್, ಲೆಕ್ಕ ಇನ್ನೂ ತುಂಬಿಲ್ಲ ಅಂದರೆ ಒಂದು ವರ್ಷ ಕಾಯಿರಿ. ಲೆಕ್ಕ ತುಂಬಿದ್ದರೆ ಪೂರ್ತಿ ತೆಗೆಸಿ, ನಿಮ್ಮ ಡಾಕ್ಟರಿಗೆ ಒಗ್ಗಿದ ವಿಧಾನದಲ್ಲಿ. ಬಜೆಟ್ ಇದ್ದು ಗೊರಕೆಗಾಗಿ ಮಾಡಿಸುವವರು ಇಂಟ್ರಾಕ್ಯಾಪ್ಸುಲರ್ ವಿಚಾರಿಸಿ. ಮನೆತನದಲ್ಲಿ ರಕ್ತದ ಕಥೆ ಇರುವವರು ಮೊದಲು ಪರೀಕ್ಷೆ ಮುಗಿಸಿ, ಆಮೇಲೆ ಉಳಿದ ಮಾತು.

ಮೊಳಕಾಲ್ಮೂರಿನ ಆ ತಾಯಿಗೆ ನಾನು ಮೊದಲು ಕೇಳಿದ್ದು, ಟಾನ್ಸಿಲ್ ಎಷ್ಟು ದೊಡ್ಡದಿದೆ ಅಂತ ಇಬ್ಬರು ಡಾಕ್ಟರೂ ಹೇಳಿದ್ದನ್ನು ಬರೆಸಿಕೊಂಡಿದ್ದೀರಾ ಅಂತ. ಇಲ್ಲ ಅಂದರು. ಅದನ್ನು ಕೇಳಿ ಬನ್ನಿ, ಮಗ ಮಲಗಿದಾಗ ಎರಡು ನಿಮಿಷ ಮೊಬೈಲಿನಲ್ಲಿ ವಿಡಿಯೋ ಮಾಡಿ ಇಬ್ಬರಿಗೂ ತೋರಿಸಿ, ಅಡಿನಾಯ್ಡ್ ಸಾಕಾ ಎರಡೂ ಬೇಕಾ ಅನ್ನೋದು ಅಲ್ಲೇ ಅರ್ಧ ಬಗೆಹರಿಯುತ್ತದೆ ಅಂದೆ. ಎರಡನೆಯದಾಗಿ, ಚಿತ್ರದುರ್ಗದಲ್ಲಿ ಯಾರಿದ್ದಾರೆ ಅಂತ ಕೇಳಿದೆ. ಅವರಕ್ಕ ಇದ್ದಾರಂತೆ, ಜಿಲ್ಲಾ ಆಸ್ಪತ್ರೆಗೆ ಆಟೋದಲ್ಲಿ ಹತ್ತು ನಿಮಿಷ. ಮೊಳಕಾಲ್ಮೂರಿನಿಂದ ಚಿತ್ರದುರ್ಗಕ್ಕೆ ಎಂಬತ್ತು ಕಿಲೋಮೀಟರಿನ ಆಸುಪಾಸು. ಹಾಗಿದ್ದರೆ ದುರ್ಗದಲ್ಲೇ ಮಾಡಿಸಿ, ಹನ್ನೆರಡು ದಿನ ಅಕ್ಕನ ಮನೆಯಲ್ಲೇ ಇರಿ, ಮಗನ ಪಕ್ಕ ನೀವೇ ಮಲಗಿ, ದಿಂಬಿನ ಕೆಳಗೆ ಟಾರ್ಚ್ ಇಟ್ಟುಕೊಳ್ಳಿ ಅಂದೆ.

"ಅಕ್ಕನ ಮನೇಲಿ ಅಷ್ಟು ದಿನ ಇರೋದು ಹೆಂಗೆ ಅಕ್ಕಾ" ಅಂತ ಅನುಮಾನಿಸಿದರು. ಮಂಡಕ್ಕಿ ಒಗ್ಗರಣೆ ನೀವೇ ಮಾಡಿಕೊಡಿ, ಮಗನಿಗೆ ಮಾತ್ರ ಹದಿನೈದನೇ ದಿನ ಅಂದೆ.